ಉಪ್ಪುನೀರಿನ ಸಂಪ್‌ಗೆ ಲೈಟ್: ಯಾವ ಖಾನೆಗೆ, ಎಷ್ಟು ಹೊತ್ತು?

ಉಪ್ಪುನೀರು:
ಮೇಲಿನ ಹವಳದ ಅಕ್ವೇರಿಯಂ ಟ್ಯಾಂಕ್ 300 ಲೀಟರ್, ಅದರ ನೀರನ್ನು ಶೋಧಿಸುವ ಕೆಳಗಿನ ತೊಟ್ಟಿ (ಸಂಪ್) 90 ಲೀಟರ್. ಮೊದಲ ಖಾನೆಯಲ್ಲಿ ಫಿಲ್ಟರ್ ಸಾಕ್ (ಕಸ ಹಿಡಿಯುವ ಬಟ್ಟೆ ಚೀಲ) ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ), ನಡುವೆ ನೈಟ್ರೇಟ್, ಫಾಸ್ಫೇಟ್ ಹೀರಲಿ ಅಂತ ಬೆಳೆಸುವ ಚೀಟೋ ಪಾಚಿ, ಕೊನೆಗೆ ನೀರನ್ನು ಮೇಲಕ್ಕೆ ವಾಪಸ್ ಕಳಿಸುವ ರಿಟರ್ನ್ ಪಂಪ್. ಸಂಪಿನ ಉದ್ದಕ್ಕೂ ಬಿಳಿ ಎಲ್‌ಇಡಿ ಸ್ಟ್ರಿಪ್ ಇದೆ, ಮೇಲಿನ ಲೈಟ್ ಜೊತೆಗೇ 8 ಗಂಟೆ ಉರಿಯುತ್ತೆ. ಚೀಟೋ ಬೆಳೀತಿಲ್ಲ, ಅಡಿಭಾಗ ಮೆತ್ತಗಾಗಿ ಕರಗ್ತಿದೆ. ಆದರೆ ರಿಟರ್ನ್ ಖಾನೆಯ ಗಾಜಿಗೆ, ಪಂಪಿನ ಜಾಲರಿಗೆ ಹಸಿರು ಪಾಚಿ ಹಿಡಿದಿದೆ. ನೈಟ್ರೇಟ್ 20 ಪಿಪಿಎಂ, ಫಾಸ್ಫೇಟ್ 0.15. ಲೈಟ್ ಜಾಸ್ತಿ ಮಾಡಬೇಕಾ, ತೆಗೀಬೇಕಾ?

ಹವಳದಂಗಳ:
ಎರಡೂ ಮಾಡಬೇಕು. ಸಂಪಿನಲ್ಲಿ ಬೆಳಕು ಬೇಕಿರೋದು ಚೀಟೋ ಇರುವ ಖಾನೆಗೆ ಮಾತ್ರ. ಸಾಕ್, ಸ್ಕಿಮ್ಮರ್, ಪಂಪ್ ಇರುವ ಕಡೆ ಕತ್ತಲೆಯೇ ಒಳ್ಳೇದು. ಅಲ್ಲಿ ಬೀಳುವ ಬೆಳಕಿನಿಂದ ಪಂಪಿಗೆ, ಪಾರದರ್ಶಕ ಪೈಪುಗಳಿಗೆ ಪಾಚಿ ಹತ್ತಿ ಹರಿವು ಕಮ್ಮಿಯಾಗುತ್ತೆ.

ಸ್ಟ್ರಿಪ್ ತೆಗೆದು, ನಡುವಿನ ಖಾನೆಗೆ 20–30 ವ್ಯಾಟಿನ ಗ್ರೋ ಲೈಟ್ (ಗಿಡ ಬೆಳೆಸುವ ಲೈಟ್) ಹಾಕಿ. ಕೆಂಪು (660 ನ್ಯಾನೋಮೀಟರ್ ಆಸುಪಾಸು) ಮತ್ತು ನೀಲಿ (450) ಎರಡೂ ಇರಬೇಕು. 6500 ಕೆಲ್ವಿನ್ ಬಿಳಿ ಲೈಟೂ ನಡೆಯುತ್ತೆ. ಹವಳಕ್ಕೆ ಬಳಸುವ ಬರೀ ನೀಲಿ ಲೈಟ್ ಇಲ್ಲಿಗೆ ಸರಿಯಾದ ಆಯ್ಕೆಯಲ್ಲ. ನೀರಿನಿಂದ 15–20 ಸೆಂ.ಮೀ. ಎತ್ತರದಲ್ಲಿ ಕಟ್ಟಿ. ಮೇಲ್ಪದರ ಬೆಳ್ಳಗಾದರೆ ಸ್ವಲ್ಪ ಏರಿಸಿ.

ಅಡಿಭಾಗ ಕರಗೋದು ನೆರಳಿನಿಂದ. ಚೀಟೋ ಗಟ್ಟಿ ಉಂಡೆಯಾದರೆ ಬೆಳಕು ಮೇಲಿನ ಕೆಲವೇ ಸೆಂಟಿಮೀಟರ್‌ಗೆ ನಿಲ್ಲುತ್ತೆ, ಒಳಗಿನದು ಸತ್ತು, ಹೀರಿಕೊಂಡ ನೈಟ್ರೇಟ್, ಫಾಸ್ಫೇಟನ್ನೆಲ್ಲ ನೀರಿಗೇ ವಾಪಸ್ ಬಿಡುತ್ತೆ. ಕರಗಿದ್ದನ್ನು ಇವತ್ತೇ ತೆಗೆದುಹಾಕಿ, ಉಳಿದದ್ದನ್ನು ಕೈಯಲ್ಲಿ ಬಿಡಿಸಿ ಸಡಿಲ ಮಾಡಿ. ಸಣ್ಣ ಪಂಪಿನಿಂದ ಪಕ್ಕದಿಂದ ನೀರು ಹಾಯಿಸಿದರೆ ಉಂಡೆ ನಿಧಾನಕ್ಕೆ ಉರುಳುತ್ತಾ ಎಲ್ಲ ಬದಿಗೂ ಬೆಳಕು ಸಿಗುತ್ತೆ. ಖಾನೆ ತುಂಬುತ್ತಾ ಬಂದಾಗ ಮೂರನೇ ಒಂದು ಭಾಗ ಕಿತ್ತು ತೆಗೆಯಿರಿ. ನೈಟ್ರೇಟ್ ಟ್ಯಾಂಕಿನಿಂದ ನಿಜವಾಗಿ ಹೊರಗೆ ಹೋಗೋದು ಆಗಲೇ.

ನೆರಳು_ಬೆಳಕು:
ಕತ್ತಲೆ ಬೇಕಾದ ಖಾನೆಗಳನ್ನು ಮೇಲೆ ಮುಚ್ಚಿದರೆ ಸಾಲದು ಅನ್ನೋದನ್ನ ಸೇರಿಸ್ತೀನಿ. ಖಾನೆಗಳ ನಡುವಿನ ಗಾಜಿನ ತಡೆ, ಅಂದರೆ ಬ್ಯಾಫಲ್ ಮೂಲಕ ಬೆಳಕು ನೀರಿನೊಳಗಿಂದಲೇ ಪಕ್ಕದ ಖಾನೆಗೆ ದಾಟುತ್ತೆ. 3 ಮಿ.ಮೀ. ಕಪ್ಪು ಅಕ್ರಿಲಿಕ್ ಹಾಳೆಯನ್ನು ಬ್ಯಾಫಲ್ ಅಳತೆಗೆ ಕತ್ತರಿಸಿ ಅದಕ್ಕೆ ಒರಗಿಸಿ ನಿಲ್ಲಿಸಿ. ಬ್ಯಾಫಲ್ ಕೆಳಗೆ ನೀರು ಹೋಗುವ ಸಂದಿ ಮಾತ್ರ ಮುಚ್ಚಬಾರದು, ಮುಚ್ಚಿದರೆ ಹಿಂದಿನ ಖಾನೆ ತುಂಬಿ ಹೊರಚೆಲ್ಲುತ್ತೆ. ಅಲ್ಯೂಮಿನಿಯಂ ಫಾಯಿಲ್ ಬೇಡವೇ ಬೇಡ, ಉಪ್ಪುನೀರಿಗೆ ಕೊರೆದುಹೋಗುತ್ತೆ.

ಟೈಮರ್ ತಿರುಗಿಸಿ ಹಾಕಿ: ಮೇಲಿನ ಲೈಟ್ ಆರಿದ ಮೇಲೆ ಸಂಪಿನದು ಹತ್ತಲಿ, 12 ಗಂಟೆ. ರಾತ್ರಿ ಟ್ಯಾಂಕಿನ ಜೀವಿಗಳೆಲ್ಲ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಪಿಎಚ್ ಇಳಿಯುತ್ತೆ. ಆ ಹೊತ್ತಿಗೆ ಚೀಟೋ ಅದನ್ನು ಹೀರಿದರೆ ಇಳಿತ ಕಮ್ಮಿ.

ಉಪ್ಪುನೀರು:
ಹಾಗಾದ್ರೆ 24 ಗಂಟೆ ಉರಿಸಿದರೆ ಇನ್ನೂ ಬೇಗ ಬೆಳೆಯಲ್ವಾ?

ಹವಳದಂಗಳ:
ಚೀಟೋಗೆ ಅದರ ಅಗತ್ಯ ಇಲ್ಲ. ಕೌಲರ್ಪಾ ಅನ್ನೋ ಇನ್ನೊಂದು ಪಾಚಿ ಸಾಕುವವರು ಅದು ಲಿಂಗಾಣು (ಗ್ಯಾಮೀಟ್) ಬಿಟ್ಟು ರಾತ್ರೋರಾತ್ರಿ ಕುಸಿದುಬೀಳದಿರಲಿ ಅಂತ ಸತತ ಬೆಳಕು ಕೊಡೋದುಂಟು. ನಿಮಗೆ 12 ಗಂಟೆ ಸಾಲದೆ ಹೋದರೆ 14, ಆಮೇಲೆ 16. ಪ್ರತಿ ಬದಲಾವಣೆಗೂ ಎರಡು ವಾರ ಕೊಟ್ಟು ನೈಟ್ರೇಟ್, ಫಾಸ್ಫೇಟ್ ನೋಡಿ. ಎರಡೂ ಸೊನ್ನೆಗೆ ಇಳಿಯೋಕೆ ಬಿಡಬೇಡಿ: ಹವಳ ಬಣ್ಣಗೆಡುತ್ತೆ, ಮರಳಿನ ಮೇಲೆ ಕಂದು ಲೋಳೆಯಾಗಿ ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ ಹಬ್ಬಬಹುದು. ನೈಟ್ರೇಟ್ 5ರ ಹತ್ತಿರ ಬಂದಾಗಲೇ ಲೈಟಿನ ಗಂಟೆ ಇಳಿಸಲು ಶುರು ಮಾಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಇದ್ದು, ಬೆಳಕೂ ಸಾಕಷ್ಟಿದ್ದು ಚೀಟೋ ಪೇಲವವಾಗೇ ಇದ್ದರೆ ಕಬ್ಬಿಣದ ಕೊರತೆ ಇರಬಹುದು.

ತಂತಿ_ಪ್ಲಗ್:
ಕ್ಯಾಬಿನೆಟ್ ಒಳಗೆ ಉಪ್ಪಿನ ತೇವ ಯಾವಾಗಲೂ ಇರುತ್ತೆ, ಅದಕ್ಕೆ ಐಪಿ65 (ಧೂಳು, ನೀರು ತಡೆಯುವ ಮಟ್ಟದ ಗುರುತು) ಅಥವಾ ಅದಕ್ಕೂ ಮೇಲಿನ ಲೈಟೇ ತಗೊಳ್ಳಿ. ಸಾಕೆಟ್ ಸಂಪಿನ ಮೇಲೆ ಬೇಡ, ಪಕ್ಕದ ಗೋಡೆಗಿರಲಿ. ತಂತಿ ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿ ಪ್ಲಗ್ ಸೇರಬೇಕು. ಆಗ ಜಾರಿಬರುವ ಹನಿ ಬಾಗಿನಲ್ಲೇ ತೊಟ್ಟಿಕ್ಕುತ್ತೆ. ಈ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಕಡಿಯುವ ಸ್ವಿಚ್) ಕಡ್ಡಾಯ. ಲೈಟಿನ ಗಾಜಿಗೆ ಉಪ್ಪು ಕಟ್ಟಿದರೆ ಬೆಳಕು ಗಣನೀಯವಾಗಿ ಇಳಿಯುತ್ತೆ. ವಾರಕ್ಕೊಮ್ಮೆ ಪ್ಲಗ್ ಕಿತ್ತು, ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ.