ಸೆಂಟರ್ ಮಾಡೋದಕ್ಕೆ "ಕೇಂದ್ರೀಕರಿಸು" ಸರೀನಾ? ಮತ್ತೆ "ಅಡ್ಡ" ಅಂದ್ರೆ ಯಾವ ಕಡೆ?

ಪಿಯುಸಿ ಮಕ್ಕಳು ನಾಲ್ಕೈದು ಜನಕ್ಕೆ ಸಿಎಸ್ಎಸ್ (ವೆಬ್ ಪುಟ ಹೇಗೆ ಕಾಣಬೇಕು, ಏನು ಎಲ್ಲಿ ಕೂರಬೇಕು ಅಂತ ಹೇಳೋ ಭಾಷೆ) ಹೇಳಿಕೊಡೋಕೆ ಕನ್ನಡದಲ್ಲಿ ಪಾಠ ಬರೀತಾ ಇದೀನಿ, ಎರಡು ಪದಕ್ಕೆ ಸಿಕ್ಕಾಕೊಂಡಿದೀನಿ. ಮೊದಲು "ಶೀರ್ಷಿಕೆಯನ್ನು ಕೇಂದ್ರೀಕರಿಸಿ" ಅಂತ ಬರೆದಿದ್ದೆ. ಒಬ್ಬ ಹುಡುಗಿ ಓದಿ "ಯಾವುದರ ಮೇಲೆ ಸಾರ್?" ಅಂದ್ಲು. ಅವಳು ಕೇಳಿದ್ದು ಸರಿಯಾಗೇ ಇತ್ತು. ಗಮನ ಕೇಂದ್ರೀಕರಿಸ್ತೀವಿ, ಅಧಿಕಾರ ಕೇಂದ್ರೀಕರಣ ಆಗುತ್ತೆ, ಎರಡರಲ್ಲೂ ಚದುರಿದ್ದು ಒಂದು ಕಡೆ ಸೇರೋ ಅರ್ಥ. ಪುಟದಲ್ಲಿ ಆಗೋದು ಅದಲ್ವಲ್ಲ. 1000 ಪಿಕ್ಸೆಲ್ ಅಗಲದ ಜಾಗದಲ್ಲಿ 600 ಪಿಕ್ಸೆಲ್ ಬಾಕ್ಸ್ ಇಟ್ಟು ಎಡಕ್ಕೂ ಬಲಕ್ಕೂ ಮಾರ್ಜಿನ್ (ಬಾಕ್ಸಿನ ಹೊರಗಡೆ ಬಿಡೋ ಜಾಗ) ಆಟೋ ಕೊಟ್ರೆ ಉಳಿದ 400 ಆ ಕಡೆ 200 ಈ ಕಡೆ 200 ಹಂಚಿಹೋಗಿ ಬಾಕ್ಸು ನಡುವಿಗೆ ಬಂದು ಕೂರುತ್ತೆ (ಅಗಲ ಕೊಡೋದು ಮರೆತ್ರೆ ಬಾಕ್ಸೇ ಪೂರ್ತಿ ಜಾಗ ತುಂಬ್ಕೊಳುತ್ತೆ, ಹಂಚೋಕೆ ಏನೂ ಉಳಿಯಲ್ಲ).

ಅದಕ್ಕೆ ಈಗ "ನಡುವಿಗೆ ತರು" ಅಂತ ಬದಲಾಯಿಸಿದೀನಿ. ನಟ್ಟನಡು, ನಡುಮನೆ ಎಲ್ಲಾ ಬಾಯಲ್ಲಿರೋ ಮಾತೇ. ಆದರೆ ವಿಭಕ್ತಿ ಚೂರು ಜಾರಿದ್ರೂ ಕೆಡುತ್ತೆ, "ನಡುವೆ" ಅಂದ್ರೆ ಎರಡರ ಮಧ್ಯೆ ಅಂತಾಗುತ್ತೆ, ಫ್ಲೆಕ್ಸ್‌ನಲ್ಲಿ (ಬಾಕ್ಸುಗಳನ್ನ ಸಾಲಾಗಿ ಜೋಡಿಸೋ ಸಿಎಸ್ಎಸ್ ವಿಧಾನ) ಅದಕ್ಕೆ ಸ್ಪೇಸ್-ಬಿಟ್ವೀನ್ ಅಂತ ಬೇರೆನೇ ಇದೆ, ಅದು ಮೊದಲನೇದನ್ನೂ ಕೊನೇದನ್ನೂ ಎರಡು ಅಂಚಿಗೆ ತಳ್ಳಿ ನಡುವೆ ಜಾಗ ಬಿಡುತ್ತೆ.

ನಿಜವಾದ ತೊಂದರೆ ಕ್ರಾಸ್ ಆಕ್ಸಿಸ್‌ದು. ಫ್ಲೆಕ್ಸ್ ಸಾಲನ್ನ ಕತ್ತರಿಸೋ ದಿಕ್ಕು ಅದು. ಅದಕ್ಕೆ "ಅಡ್ಡ ಅಕ್ಷ" ಅಂದೆ, ಮಕ್ಕಳೆಲ್ಲಾ ಆ ದಿಕ್ಕಲ್ಲಿ ಬಾಕ್ಸು ಎಲ್ಲಿ ಕೂರಬೇಕು ಅಂತ ಹೇಳೋ ಅಲೈನ್-ಐಟಮ್ಸ್ ಹಾಕಿ ಬಾಕ್ಸು ಎಡಬಲದ ನಡುವಿಗೆ ಬರುತ್ತೆ ಅಂತ ಕಾದು ಕೂತ್ರು. ಬಾಕ್ಸುಗಳು ಎಡದಿಂದ ಬಲಕ್ಕೆ ಸಾಲಾಗಿದ್ರೆ ಆ ಅಕ್ಷ ಮೇಲಿಂದ ಕೆಳಕ್ಕೆ ಹೋಗೋದು, ನಮಗೋ ಅಡ್ಡಗೆರೆ ಅಂದ್ರೆ ಎಡಬಲಕ್ಕೇ. ಹಾಗಂತ "ಮೇಲೆ-ಕೆಳಗೆ" ಅಂತಲೂ ಹೆಸರಿಡೋಕಾಗಲ್ಲ, ಫ್ಲೆಕ್ಸ್-ಡೈರೆಕ್ಷನ್ (ಸಾಲಿನ ದಿಕ್ಕು) ಕಾಲಮ್ ಮಾಡಿದ ತಕ್ಷಣ ಸಾಲು ಮೇಲಿಂದ ಕೆಳಕ್ಕಾಗಿ ಎರಡು ಅಕ್ಷವೂ ಅದಲುಬದಲು.

ಆಮೇಲೆ ಹೊಳೀತು, ಇಳಿಜಾರಿಗೆ ಅಡ್ಡಲಾಗಿ ಉಳಬೇಕು ಅಂತೀವಲ್ಲ, ದಾರಿಗೆ ಅಡ್ಡ ನಿಂತ ಅಂತೀವಲ್ಲ, ಅಲ್ಲಿ ಅಡ್ಡ ಎಡಬಲಾನೇ ಆಗಬೇಕಿಲ್ಲ, ಯಾವುದಕ್ಕೆ ಅಡ್ಡವೋ ಅದನ್ನ ಕತ್ತರಿಸೋ ದಿಕ್ಕು. ಹಿಂದೆ "-ಗೆ/-ಕ್ಕೆ" ಬಂದ್ರೆ ಸಾಕು ಅರ್ಥ ತಿರುಗುತ್ತೆ. ಹಾಗಾದ್ರೆ ಸಾಲಿನ ದಿಕ್ಕಲ್ಲೇ ಬಾಕ್ಸುಗಳನ್ನ ಹೊಂದಿಸೋ ಜಸ್ಟಿಫೈ-ಕಂಟೆಂಟ್‌ಗೆ "ಸಾಲಿನುದ್ದಕ್ಕೆ", ಅಲೈನ್-ಐಟಮ್ಸ್‌ಗೆ "ಸಾಲಿಗೆ ಅಡ್ಡಲಾಗಿ" ಅಂದ್ರೆ ಸಾಲು ಯಾವ ಕಡೆ ತಿರುಗಿದ್ರೂ ನಿಲ್ಲುತ್ತೆ ಅಂತ ನನಗನ್ಸುತ್ತೆ. ನಿಮ್ಮ ಕಡೆ "ಸಾಲು" ಅಂದ್ರೆ ಮೇಲಿಂದ ಕೆಳಕ್ಕೆ ಇಳಿದು ಬರೋದಕ್ಕೂ ಹೇಳ್ತೀರಾ, ಇಲ್ಲಾ ಅದಕ್ಕೆ ಬೇರೆ ಪದ ಇದ್ಯಾ?