ಗ್ರಾಫಿನಲ್ಲಿ ಕಾಣುವ ನೇರ ಗೆರೆಗಳು ಏಳು, ಪ್ರೋಗ್ರಾಂ ಎಣಿಸಿದ್ದು 1,312

ಪ್ರಶ್ನೆ:
ಮನೆಯ ತಾರಸಿಯ ನೀರಿನ ಟ್ಯಾಂಕಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿ, ನಿಮಿಷಕ್ಕೊಮ್ಮೆ ನೀರಿನ ಮಟ್ಟ ದಾಖಲಿಸುತ್ತಿದ್ದೇನೆ. ದಿನಕ್ಕೆ 1,440 ಬಿಂದುಗಳು. ಮೋಟಾರ್ ಓಡಿದಾಗ ಗೆರೆ ಏರುತ್ತದೆ, ನೀರು ಬಳಸುವಾಗ ಇಳಿಯುತ್ತದೆ, ಯಾರೂ ನಲ್ಲಿ ತಿರುಗಿಸದಿದ್ದರೆ ಅಡ್ಡ ಮಲಗುತ್ತದೆ. ನಿನ್ನೆಯ ಗ್ರಾಫಿನಲ್ಲಿ ಏಳು ನೇರ ಗೆರೆಗಳು ಕಣ್ಣಿಗೇ ಕಾಣುತ್ತವೆ. ಪೈಥಾನ್‌ನಲ್ಲಿ ಅಕ್ಕಪಕ್ಕದ ಬಿಂದುಗಳ ನಡುವಿನ ಇಳಿಜಾರನ್ನು ಲೆಕ್ಕ ಹಾಕಿ, ಅದು ಹಿಂದಿನದಕ್ಕೆ ಸಮವಿಲ್ಲದಿದ್ದರೆ ಹೊಸ ಗೆರೆ ಎಂದು ಎಣಿಸಿದೆ. 1,312 ಬಂತು. ಎರಡು ರಾತ್ರಿ ಹುಡುಕಿದರೂ ತಪ್ಪು ಸಿಕ್ಕಿಲ್ಲ.

ಉತ್ತರ:
ತಪ್ಪಿರುವುದು ‘ಸಮ’ ಎಂಬ ಪರೀಕ್ಷೆಯಲ್ಲಿ. ದಶಮಾಂಶ ಸಂಖ್ಯೆಗಳನ್ನು ಹಾಗೆ ಹೋಲಿಸಬಾರದು, 0.1ಕ್ಕೆ 0.2 ಕೂಡಿಸಿದರೆ 0.3ಕ್ಕೆ ಸಮವೇ ಎಂದು ಪೈಥಾನನ್ನು ಕೇಳಿ, ಅಲ್ಲ ಎನ್ನುತ್ತದೆ. ಆದರೆ ನಿಮಗೆ ಅದಕ್ಕಿಂತ ದೊಡ್ಡ ತೊಡಕು ಅಳತೆಯ ಏರುಪೇರು. ನೀರು ಅಲುಗದಿದ್ದರೂ ಇಂಥ ಸೆನ್ಸರ್ ಕೆಲವು ಮಿಲಿಮೀಟರ್ ಆಚೀಚೆ ತೋರಿಸುತ್ತದೆ. ಮನೆಬಳಕೆಯಲ್ಲಿ ನೀರು ನಿಮಿಷಕ್ಕೆ ಇಳಿಯುವುದೂ ಕೆಲವೇ ಮಿಲಿಮೀಟರ್. ಹಾಗಾಗಿ ನೀವು ಅಳೆಯುತ್ತಿರುವುದು ಸೆನ್ಸರಿನ ತಡವರಿಕೆಯನ್ನೇ ಹೊರತು ನೀರನ್ನಲ್ಲ.

ಇಳಿಜಾರನ್ನು ಬಿಟ್ಟು ದೂರವನ್ನು ಹಿಡಿಯಿರಿ. ರೇಮರ್ 1972ರಲ್ಲಿ, ಡಗ್ಲಸ್ ಮತ್ತು ಪಾಯ್ಕರ್ 1973ರಲ್ಲಿ ಪ್ರಕಟಿಸಿದ ವಿಧಾನವಿದೆ. ಮೊದಲ ಬಿಂದುವಿನಿಂದ ಕೊನೆಯದಕ್ಕೆ ಗೆರೆ ಎಳೆಯಿರಿ. ಅದರಿಂದ ಅತಿ ದೂರದ ಬಿಂದು ನಿಮ್ಮ ಮಿತಿಯನ್ನು ಮೀರಿದರೆ ಅಲ್ಲಿ ಮುರಿದು, ಎರಡೂ ತುಂಡುಗಳಿಗೆ ಮತ್ತೆ ಅದನ್ನೇ ಮಾಡಿ. ಮೀರದಿದ್ದರೆ ಆ ತುಂಡು ನೇರ. ಮಿತಿ 1 ಸೆಂ.ಮೀ. ಇರಲಿ. ದೂರವನ್ನು ಮಾತ್ರ ಗೆರೆಗೆ ಲಂಬವಾಗಿ ಅಳೆಯಬೇಡಿ. ನಿಮಿಷವನ್ನೂ ಸೆಂಟಿಮೀಟರನ್ನೂ ಬೆರೆಸಿದ ಅಳತೆಗೆ ಅರ್ಥವಿಲ್ಲ. ಅದೇ ನಿಮಿಷದಲ್ಲಿ ಬಿಂದುವಿಗೂ ಗೆರೆಗೂ ಇರುವ ಎತ್ತರದ ವ್ಯತ್ಯಾಸ ತೆಗೆದುಕೊಳ್ಳಿ.

ಪ್ರಶ್ನಿಸಿದವರು:
ಮಾಡಿದೆ ಸರ್, 18 ಬಂತು. ಗ್ರಾಫಿನಲ್ಲಿ ಮೂರು ಕಡೆ ಒಂಟಿ ಬಿಂದುಗಳು ಮುಳ್ಳಿನಂತೆ ಎದ್ದಿವೆ. ಅವೇ ಕಾರಣವೇ?

ಉತ್ತರ:
ಅವೇ. ಮೊದಲು, 18 ಎಂಬುದು ಮುರಿದ ಜಾಗಗಳೂ ಎರಡು ತುದಿಗಳೂ ಸೇರಿ ಉಳಿದ ಬಿಂದುಗಳ ಸಂಖ್ಯೆ, ಗೆರೆಗಳು 17. ನೇರ ಗೆರೆಯ ನಡುವೆ ಎದ್ದ ಒಂದು ಮುಳ್ಳು ಅದನ್ನು ನಾಲ್ಕು ತುಂಡು ಮಾಡುತ್ತದೆ: ಮುಳ್ಳಿನ ಹಿಂದಿನದು, ಏರು, ಇಳಿವು, ಮುಂದಿನದು. ಅಂದರೆ ಮುಳ್ಳಿಗೆ ಮೂರರಂತೆ ಒಂಬತ್ತು ಹೆಚ್ಚುವರಿ ಗೆರೆಗಳು. ಕಳೆದರೆ ಎಂಟು. ಪ್ರತಿ ಬಿಂದುವಿನ ಜಾಗದಲ್ಲಿ ಸುತ್ತಲಿನ ಐದು ಬಿಂದುಗಳ ಮಧ್ಯಾಂಕವನ್ನು (ಕಿರಿದರಿಂದ ಹಿರಿದಕ್ಕೆ ಜೋಡಿಸಿದಾಗ ನಡುವೆ ಬರುವ ಬೆಲೆ) ಇಟ್ಟು, ಮತ್ತೆ ಓಡಿಸಿ. ಸರಾಸರಿ ಬೇಡ. ಅದು ಮುಳ್ಳನ್ನು ಅಳಿಸದೆ ಅಕ್ಕಪಕ್ಕಕ್ಕೆ ಹರಡುತ್ತದೆ, ನಿಮಗೆ ಬೇಕಾದ ಮೂಲೆಗಳನ್ನು ದುಂಡಾಗಿಸುತ್ತದೆ.

ಪ್ರಶ್ನಿಸಿದವರು:
ಹೇಳಿದಂತೆಯೇ ಎಂಟು ಬಂತು. ಮಿತಿಯನ್ನು ಹೆಚ್ಚಿಸಿ ಏಳಕ್ಕೆ ಇಳಿಸಲೇ?

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಬೇಕಾದ ಉತ್ತರ ಬರುವವರೆಗೆ ಮಿತಿಯನ್ನು ತಿರುಚಿದರೆ ನಾಳೆಯ ಲೆಕ್ಕವನ್ನು ನಂಬುವಂತಿಲ್ಲ. ನೀವು ನೋಡದ ಆ ಮುರಿವು ಯಾವ ನಿಮಿಷದಲ್ಲಿದೆ ಎಂದು ಮುದ್ರಿಸಿ, ಅಲ್ಲಿ ಗ್ರಾಫನ್ನು ಹಿಗ್ಗಿಸಿ.

ಪ್ರಶ್ನಿಸಿದವರು:
ಬೆಳಿಗ್ಗೆ ಮೋಟಾರ್ ಓಡಿದ 40 ನಿಮಿಷಗಳ ನಡುವೆ ಇದೆ. ಮೊದಲರ್ಧದಲ್ಲಿ ನಿಮಿಷಕ್ಕೆ 1.5 ಸೆಂ.ಮೀ. ಏರಿಕೆ, ಆಮೇಲೆ 0.9. ಇಡೀ ದಿನದ ಗ್ರಾಫಿನಲ್ಲಿ ಒಂದೇ ಗೆರೆಯಂತೆ ಕಂಡಿತ್ತು. ಅಮ್ಮನನ್ನು ಕೇಳಿದೆ, ಆ ಹೊತ್ತಿಗೆ ಬಟ್ಟೆ ಒಗೆಯಲು ನಲ್ಲಿ ಬಿಟ್ಟಿದ್ದರಂತೆ. ಮಿತಿ 1 ಸೆಂ.ಮೀ.ನಲ್ಲೇ ಇರುತ್ತದೆ ಸರ್.