ಉಪ್ಪು ಗಾಳಿಗೆ ಚಿನ್ನ ಕಪ್ಪಾಗ್ತದಾ? ಹೊಸ ಸರದ ಬಗ್ಗೆ ಡೌಟು

ಬೈತಖೋಲ_ಹುಡುಗಿ:
ನಮಸ್ಕಾರ ಎಲ್ರಿಗೂ. ನಮ್ಮನೆ ಕಾರವಾರದಲ್ಲಿ ಸಮುದ್ರಕ್ಕೆ ಹತ್ರ. ಹೋದ ವರ್ಷ 18 ಕ್ಯಾರೆಟ್‌ದು ಒಂದು ಸಣ್ಣ ಸರ ತಗೊಂಡೆ, 8 ಗ್ರಾಮು. ಈಗ ಕೊಂಡಿ ಹತ್ರ ಕಪ್ಪು ಕಟ್ತಾ ಇದೆ, ಒರೆಸಿದ್ರೆ ಹೋಗ್ತದೆ, ಮತ್ತೆ ಬರ್ತದೆ. ಅಂಗಡಿಯವ್ರನ್ನ ಕೇಳಿದ್ರೆ ಉಪ್ಪು ಗಾಳಿಗೆ ಎಲ್ಲಾ ಚಿನ್ನನೂ ಹಂಗೇ ಅಂತಾರೆ. ಆದ್ರೆ ನಮ್ಮ ಆಯಿ ಚಿನ್ನದ ಪಾಟ್ಲಿ ಬಳೆ ಹಾಕ್ಕೊಂಡೇ ದಿನಾ ಮೀನು ತೊಳೀತಾರೆ, ಅದಕ್ಕೆ ಏನೂ ಆಗಿಲ್ಲ. ನಂದು ಡೂಪ್ಲಿಕೇಟಾ? ಮನೇಲೇ ನೋಡೋಕೆ ದಾರಿ ಇದ್ಯಾ?

ಅಂಕೋಲಾ_ಸೈನ್ಸ್_ಮಾಸ್ತರ್:
ತಂಗಿ, ಗಾಬರಿ ಬೇಡ. ಎಲ್ಲಾ ಚಿನ್ನನೂ ಹಂಗೇ ಅನ್ನೋದು ಮಾತ್ರ ತಪ್ಪು. ಅಪ್ಪಟ ಚಿನ್ನಕ್ಕೆ ಗಾಳಿ, ನೀರು, ಉಪ್ಪು ಏನೂ ಮಾಡಲ್ಲ, ನೈಟ್ರಿಕ್ ಆಸಿಡ್ ಒಂದೇ ಆದ್ರೂ ಕರಗಲ್ಲ, ಅದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿದ ಆಕ್ವಾ ರೀಜಿಯಾನೇ ಬೇಕು. ಆದ್ರೆ 18 ಕ್ಯಾರೆಟ್ ಅಂದ್ರೆ ಚಿನ್ನ ನೂರಕ್ಕೆ 75 ಮಾತ್ರ, ಉಳಿದ 25 ಬೆಳ್ಳಿ, ತಾಮ್ರ. ಗಂಧಕ ತಾಗಿದ್ರೆ ಕಪ್ಪಾಗೋದು ಬೆಳ್ಳಿ, ಉಪ್ಪು ಬೆವರಿಗೆ ಬಣ್ಣ ಕೆಡೋದು ತಾಮ್ರ. ಆಯಿ ಪಾಟ್ಲಿ 22 ಕ್ಯಾರೆಟ್ ಇರ್ಬೇಕು, ಅದ್ರಲ್ಲಿ ಬೇರೆ ಲೋಹ 8 ಚಿಲ್ಲರೆ ಪರ್ಸೆಂಟ್ ಅಷ್ಟೇ.

ಸಮುದ್ರದ ನೀರಲ್ಲೂ ಚಿನ್ನ ಇದೆ ಗೊತ್ತಾ? ಮೊದಲ ಮಹಾಯುದ್ಧ ಸೋತ ಮೇಲೆ ಜರ್ಮನಿಯ ದಂಡದ ಸಾಲ ತೀರಿಸೋಕೆ ಸಮುದ್ರದಿಂದ ಚಿನ್ನ ತೆಗೀಬೇಕು ಅಂತ ಫ್ರಿಟ್ಜ್ ಹೇಬರ್ 1920ರ ದಶಕದಲ್ಲಿ ಹಡಗು ಹತ್ತಿ ನೀರು ಪರೀಕ್ಷೆ ಮಾಡಿದ, ನೊಬೆಲ್ ಬಂದಿದ್ದ ಕೆಮಿಸ್ಟು ಅವ, ಆದ್ರೆ ಸಿಕ್ಕಿದ್ದು ಅಂದಾಜಿಗಿಂತ ಎಷ್ಟೋ ಕಡಿಮೆ, ಖರ್ಚೂ ಹುಟ್ಟಲ್ಲ ಅಂತ ಕೈಬಿಟ್ಟ. ಬೇರೆ ಮಾತಾಯ್ತು, ಆದ್ರೂ ನಮ್ಮ ಮಕ್ಕಳಿಗೆ ಇದನ್ನ ಹೇಳ್ದೆ ಬಿಡಲ್ಲ ನಾನು.

ಬ್ಲೀಚಿಂಗ್ ಪೌಡರ್ ಮುಟ್ಟೋವಾಗ ಸರ ತೆಗ್ದಿಡಿ. ಒಡೆದ ಥರ್ಮಾಮೀಟರ್‌ನ ಪಾದರಸ ಅಂತೂ ಹತ್ರನೂ ಬರ್ಬಾರ್ದು, ಚಿನ್ನಕ್ಕೆ ಅಂಟಿ ಬೆಳ್ಳಗೆ ಮಾಡ್ಬಿಡ್ತದೆ.

ಶಿರಸಿ_ಮಾಣಿ:
ಮನೇಲಿ ನೋಡೋದಾದ್ರೆ ಸಾಂದ್ರತೆ ನೋಡಿ. ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಸರನ ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳ ಮುಟ್ಬಾರ್ದು, ಗುಳ್ಳೆ ಅಂಟ್ಕೊಂಡಿರ್ಬಾರ್ದು. ಆಗ ತೋರ್ಸೋ ಗ್ರಾಮಿಂದ ಸರದ ತೂಕ ಭಾಗ್ಸಿ. ಅಪ್ಪಟ ಚಿನ್ನ 19.3, 22 ಕ್ಯಾರೆಟ್ 17.7ರ ಆಸುಪಾಸು, 18 ಅಂದ್ರೆ 15 ಚಿಲ್ಲರೆ. ನಿಮ್ಮ 8 ಗ್ರಾಮಿನ ಸರ ಮುಳುಗ್ಸಿದಾಗ ತಕ್ಕಡಿ 0.52 ಗ್ರಾಮ್ ಹತ್ರ ತೋರ್ಸ್ಬೇಕು. ಅಡುಗೆಮನೆ ತಕ್ಕಡಿಗೆ ಇದು ಸಿಗಲ್ಲ, 0.01 ಗ್ರಾಮ್ ತೋರ್ಸೋದು ಬೇಕು. ಒಳಗೆ ಟೊಳ್ಳಿರೋದು, ಅರಗು ತುಂಬಿದ್ದು ಇದ್ರೆ ಈ ಲೆಕ್ಕ ನಂಬ್ಬೇಡಿ. ಟಂಗ್‌ಸ್ಟನ್ ಅನ್ನೋ ಲೋಹ ಬೇರೆ ಹೆಚ್ಚುಕಡಿಮೆ ಅಪ್ಪಟ ಚಿನ್ನದಷ್ಟೇ ಭಾರ, ಅದನ್ನ ಸೇರ್ಸಿ ಮೋಸ ಮಾಡಿದ್ರೆ ಇದ್ರಲ್ಲಿ ಗೊತ್ತಾಗದೇ ಹೋಗ್ಬಹುದು.

ಕುಮಟಾ_ಅಕ್ಕಸಾಲಿ:
ಅಷ್ಟೆಲ್ಲ ಯಾಕೆ ಮಾರಾಯ್ರೆ, ಮೊದ್ಲು ಹಾಲ್‌ಮಾರ್ಕ್ ನೋಡಿ, ಅಂದ್ರೆ ಶುದ್ಧತೆಯ ಸರ್ಕಾರಿ ಗುರುತು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 18ಕೆ750 (ಸಾವಿರಕ್ಕೆ 750 ಪಾಲು ಚಿನ್ನ ಅಂತ), ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಅಂದ್ರೆ ಆ ಒಡವೆಗೇ ಕೊಟ್ಟ ಗುರುತಿನ ನಂಬರ್, ಮೂರೂ ಇರ್ಬೇಕು. ಏಪ್ರಿಲ್ 2023ರಿಂದ ಅಂಗಡಿಯಲ್ಲಿ ಮಾರೋ ಒಡವೆಗೆ ಇದು ಕಡ್ಡಾಯ, 2 ಗ್ರಾಮಿಗಿಂತ ಕಡಿಮೆದಕ್ಕೆ ಬಿಟ್ಟು. ಆ ನಂಬರ್ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ.

ಇನ್ನೊಂದು, ಕಪ್ಪು ಬರೀ ಕೊಂಡಿ ಹತ್ರ ಅಂದ್ರಲ್ಲ, ಅದೇ ಮುಖ್ಯ. ಒತ್ತಿ ತೆಗೆಯೋ ಕೊಂಡಿ ಒಳಗೆ ಸಣ್ಣ ಸ್ಟೀಲ್ ಸ್ಪ್ರಿಂಗ್ ಇರ್ತದೆ, ಚಿನ್ನಕ್ಕೆ ಆ ಪುಟಿಯೋ ಗುಣ ಸಾಲಲ್ಲ. ಉಪ್ಪುನೀರು ಒಳಗೆ ನಿಂತ್ರೆ ಸ್ಪ್ರಿಂಗ್ ತುಕ್ಕು ಹಿಡೀತದೆ. ಬೆಸುಗೆ ಹಾಕಿದ ಜಾಗನೂ ಬೇಗ ಬಣ್ಣ ಬಿಡ್ತದೆ, ಅಲ್ಲಿ ಬೇರೆ ಲೋಹ ಸೇರಿರ್ತದೆ. ಹಳೇ ಒಡವೆ ಕರಗ್ಸಿದಾಗ ಟಂಚ (ಚಿನ್ನದ ಶುದ್ಧತೆ) ಕಡಿಮೆ ಬರೋದಕ್ಕೂ ಈ ಬೆಸುಗೆ ಒಂದು ಕಾರಣ, ಆಯಿಯವ್ರ ಪಾಟ್ಲಿ ಯಾವತ್ತಾದ್ರೂ ಕರಗ್ಸೋದಾದ್ರೆ ಎದುರಿಗೇ ನಿಂತು ಮಾಡಿಸ್ಕೊಳ್ಳಿ.

ಬೈತಖೋಲ_ಹುಡುಗಿ:
ತುಂಬಾ ಥ್ಯಾಂಕ್ಸ್. ನಂಬರ್ ಹಾಕ್ದೆ, 18ಕೆ ಅಂತಲೇ ಬಂತು. ಫ್ರಿಜ್ ಮ್ಯಾಗ್ನೆಟ್ ಹಿಡಿದ್ರೆ ಕೊಂಡಿ ಮಾತ್ರ ಅಂಟ್ಕೊಂಡ್ತು, ಸರಕ್ಕೆ ಏನೂ ಇಲ್ಲ. ಕೊಂಡಿ ಬದಲ್ಸಿದ್ರೆ ಎಚ್‌ಯುಐಡಿ ಹೋಗ್ತದಾ?

ಕುಮಟಾ_ಅಕ್ಕಸಾಲಿ:
ನಂಬರ್ ಯಾವ ತುಂಡಿನ ಮೇಲೆ ಹೊಡೆದಿದ್ದಾರೆ ನೋಡ್ಕೊಳ್ಳಿ, ಆ ತುಂಡು ತೆಗೀದೆ ಬರೀ ಕೊಂಡಿ ಬದಲ್ಸೋಕೆ ಹೇಳಿ. ಸ್ಪ್ರಿಂಗ್ ಇಲ್ಲದ, ಇಂಗ್ಲಿಷ್ ಎಸ್ ಅಕ್ಷರದ ಆಕಾರದ ಕೊಂಡಿ ಹಾಕ್ಸಿ, 18 ಕ್ಯಾರೆಟ್‌ದೇ. ಅಲ್ಲಿವರೆಗೆ ಅಂಟುವಾಳದ ನೀರಲ್ಲಿ ಮೆತ್ತನೆ ಬ್ರಶ್ಶಿಂದ ತೊಳೆದು ಪೂರ್ತಿ ಒಣಗ್ಸಿ ಇಡಿ.